ರವಿವಾರದ ಮಾತು

ಮೂವತ್ತೆರಡು ವರ್ಷದ ಸಂಸಾರದಲ್ಲಿ ತುಳಸವ್ವ ಜಕ್ಕಪ್ಪನ ಸಿಂದಿ ಅಂಗಡಿಯೊಳಗೆ ಕಾಲಿಟ್ಟದ್ದು ಒಂದೇ ಸಲ. ೧೯೯೧ರ ಮಾಘ ಮಾಸದ ಒಂದು ರವಿವಾರ, ಗಂಡ ಮಾಯಪ್ಪನ ರಟ್ಟೆ ಹಿಡಿದುಕೊಂಡು.

ಅಂಗಡಿಯೆಂದರೆ ಅಂಥದ್ದೇನೂ ಅಲ್ಲ. ಏಕಸಂಬಿಯಿಂದ ಸದಲಗಾ ಕಡೆಗೆ ಹೋಗುವಾಗ ಹೊಳೆಗೆ ಇಳಿಯುವ ದಾರಿಯಲ್ಲಿ ಒಂದು ಸಿಂದಿ ಬನ. ಬನದ ಅಂಚಿಗೆ ಮಣ್ಣಿನ ಗೋಡೆ, ಗರಿಯ ಮಾಡು, ಎದುರಿಗೆ ಒಂದು ಬೇವಿನ ಗಿಡ, ಅದರ ಕೆಳಗೆ ಕೂಡಲು ಮರದ ಹಲಗೆಯ ಮೂರು ಬಾಕು. ಜಕ್ಕಪ್ಪ ಸಂಜೆಗೆ ಗಿಡ ಹತ್ತಿ ಗಡಿಗೆ ಕಟ್ಟಿ ಬಂದು ಬೆಳಗ್ಗೆ ಇಳಿಸುತ್ತಿದ್ದ. ಮುಂಜಾನೆ ಸಕ್ಕರೆ ನೀರಿನಂತಿದ್ದದ್ದು ಮಧ್ಯಾಹ್ನದ ಹೊತ್ತಿಗೆ ಬುರುಗೆದ್ದು ಹುಳಿಯಾಗುತ್ತಿತ್ತು. ಹಿಂಬದಿಯಲ್ಲಿ ಅವನ ಹೆಂಡತಿ ಸುಂದರಾ ಒಲೆ ಹೂಡಿ ಹೊಳೆಮೀನು ಹುರಿಯುತ್ತಿದ್ದಳು, ರೊಟ್ಟಿ ಬಡಿಯುತ್ತಿದ್ದಳು. ಸಿಂದಿಗಿಂತ ಸುಂದರಾಳ ಮೀನಿಗಾಗಿ ಬರುವವರೇ ಹೆಚ್ಚು ಎಂದು ಊರಲ್ಲಿ ಹೇಳುತ್ತಿದ್ದರು. ತುಳಸವ್ವನ ಮುಂದೆ ಮಾತ್ರ ಯಾರೂ ಹೇಳುತ್ತಿರಲಿಲ್ಲ.

ಮಾಯಪ್ಪ ನಿಪಾಣಿಯಲ್ಲಿ ತಂಬಾಕು ತುಂಬಿಡುವ ಒಂದು ವಖಾರಿಯಲ್ಲಿ ಕೆಲಸಕ್ಕಿದ್ದ. ಸೋಮವಾರ ಮೊದಲ ಬಸ್ಸಿಗೆ ಹೋದರೆ ಶನಿವಾರ ಸಂಜೆಗೇ ಮನೆ. ವಾರದಲ್ಲಿ ಉಳಿಯುವುದು ಒಂದು ರವಿವಾರ. ಆ ರವಿವಾರವೂ ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಟೋಪಿ ಹಾಕಿಕೊಂಡು, ಗೆಳೆಯ ಭರಮುವಿನ ಜೊತೆ ಬನದ ದಾರಿ ಹಿಡಿಯುತ್ತಿದ್ದ. ದನ ಮನೆಗೆ ಬರುವ ಹೊತ್ತಿಗೆ ತಾನೂ ಬರುತ್ತಿದ್ದ. ತೂರಾಡುತ್ತಿರಲಿಲ್ಲ, ಬೈಯುತ್ತಿರಲಿಲ್ಲ, ಹೆಂಡತಿಯ ಮೇಲೆ ಒಂದು ದಿನ ಕೈ ಎತ್ತಿದವನಲ್ಲ. ಕಾಲು ತೊಳೆದುಕೊಂಡು ಕಟ್ಟೆಯ ಮೇಲೆ ಸುಮ್ಮನೆ ಕೂಡುತ್ತಿದ್ದ. ಆ ಸುಮ್ಮನಿರುವುದೇ ತುಳಸವ್ವನ ಹೊಟ್ಟೆ ಉರಿಸುತ್ತಿತ್ತು. "ಅಲ್ಲಿ ಕುಂತರ ನಿನ್ನ ಗಂಡನ ಮಾತ ನಿಲ್ಲೂದಿಲ್ಲಂತ ನೋಡ" ಎಂದು ಓಣಿಯ ಹೆಂಗಸೊಬ್ಬಳು ಹೇಳಿದ ದಿನ ಅವಳು ಒಲೆಯ ಮೇಲಿನ ಹಂಚನ್ನೇ ಅಂಗಳಕ್ಕೆ ಒಗೆದಿದ್ದಳು. ಮನೆಯಲ್ಲಿ ನಾಲ್ಕು ಮಾತಾಡದ ಗಂಡಸಿಗೆ ಅಲ್ಲಿ ಎಲ್ಲಿಂದ ಬರುತ್ತವೆ ಮಾತು?

ಮೊದಲು ಹೀಗಿರಲಿಲ್ಲ. ಮದುವೆಯಾದ ಎರಡನೇ ವರ್ಷ ಬಾಳಪ್ಪ ಹುಟ್ಟಿದ. ಎಲ್ಲರೂ ಬಾಳ್ಯಾ ಎಂದು ಕರೆಯುತ್ತಿದ್ದರು. ಅವನು ಇರುವ ತನಕ ಮಾಯಪ್ಪ ಮನೆಯಲ್ಲೂ ಮಾತುಗಾರನೇ. ಬಾಳ್ಯಾನಿಗೆ ನಾಲ್ಕು ತುಂಬಿದ ಮಳೆಗಾಲದಲ್ಲಿ, ಒಂದು ರವಿವಾರ, ಮಾಯಪ್ಪ ಅಂಗಡಿಗೆ ಹೋದ ಸ್ವಲ್ಪ ಹೊತ್ತಿಗೆ ಹುಡುಗನಿಗೆ ವಾಂತಿ ಹತ್ತಿತು. ಆಮೇಲೆ ಭೇದಿ. ತುಳಸವ್ವ ಅವನನ್ನು ಹೆಗಲಿಗೆ ಹಾಕಿಕೊಂಡು ಔಷಧ ಕೊಡುವವರ ಮನೆಗೆ ಓಡಿದಳು, ಅಲ್ಲಿಂದ ಇನ್ನೊಂದು ಮನೆಗೆ ಓಡಿದಳು. ಅಂಗಡಿಗೆ ಸುದ್ದಿ ಮುಟ್ಟಿ ಮಾಯಪ್ಪ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೆಸರು ಮೆತ್ತಿದ ಕಾಲಿನಲ್ಲಿ ಬಾಗಿಲಿಗೆ ಬಂದು ನಿಂತು ಅವನು "ಬಾಳ್ಯಾ..." ಎಂದ. ಅವನ ಉಸಿರಿನ ಜೊತೆ ಸಿಂದಿಯ ಹುಳಿವಾಸನೆ ಒಳಗೆ ಬಂತು. ತುಳಸವ್ವ ತಲೆ ಎತ್ತಿದಳು. ಕಣ್ಣಲ್ಲಿ ನೀರಿರಲಿಲ್ಲ.

"ಆ ಬಾಯಿಲೆ ನನ್ನ ಮಗನ ಹೆಸರ ತಗೀಬ್ಯಾಡ್ರಿ. ಇನ್ನ ಈ ಮನ್ಯಾಗ ಎಂದೂ ತಗೀಬ್ಯಾಡ್ರಿ."

ಅವನು ತೆಗೆಯಲಿಲ್ಲ. ಇಪ್ಪತ್ತಾರು ವರ್ಷ ತೆಗೆಯಲಿಲ್ಲ. ಆರು ತಿಂಗಳು ಅಂಗಡಿಯ ಕಡೆಗೂ ಹೋಗಲಿಲ್ಲ. ಆಮೇಲೆ ಒಂದು ರವಿವಾರ ಟೋಪಿ ಹಾಕಿಕೊಂಡು ಹೊರಟುಬಿಟ್ಟ. ಮಗ ಸಾಯುವಾಗ ಯಾವ ಜಾಗದಲ್ಲಿ ಕೂತಿದ್ದನೋ ಅದೇ ಜಾಗಕ್ಕೆ ಮತ್ತೆ ಹೋಗಿ ಕೂಡಲು ಮನುಷ್ಯನಾದವನಿಗೆ ಹೇಗೆ ಮನಸ್ಸು ಬರುತ್ತದೆ ಎಂಬುದು ತುಳಸವ್ವನಿಗೆ ಎಂದೂ ತಿಳಿಯಲಿಲ್ಲ. ಕೇಳಲೂ ಇಲ್ಲ. ಮಗಳು ಅಕ್ಕುತಾಯಿ ಹುಟ್ಟಿದಳು, ಬೆಳೆದಳು, ಲಗ್ನವಾಗಿ ತೆಲಸಂಗಕ್ಕೆ ಹೋದಳು. ತನಗೊಬ್ಬ ಅಣ್ಣನಿದ್ದ ಎಂಬುದು ಆ ಹುಡುಗಿಗೆ ಗೊತ್ತಾದದ್ದು ಓಣಿಯವರಿಂದ.

ದೀಪಾವಳಿಯ ಮುಂದೆ ಮಾಯಪ್ಪನ ಗಂಟಲಲ್ಲಿ ತುತ್ತು ಸಿಕ್ಕಿಕೊಳ್ಳತೊಡಗಿತು. ಮೊದಲು ರೊಟ್ಟಿ, ಆಮೇಲೆ ಅನ್ನ. ಮಿರಜಕ್ಕೆ ಹೋದರು. ಡಾಕ್ಟರು ಫೋಟೋ ತೆಗೆದು ನೋಡಿ, ಹೊತ್ತು ಮೀರಿದೆ, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಎಂದರು. ಸಂಕ್ರಾಂತಿಯ ಹೊತ್ತಿಗೆ ಅವನ ದನಿ ಹೋಗಿ ಬರೀ ಪಿಸುಮಾತು ಉಳಿಯಿತು, ಅದೂ ಒಂದು ಸಲಕ್ಕೆ ಎರಡೋ ಮೂರೋ ಶಬ್ದ. ತುಳಸವ್ವ ಗಂಜಿಯ ತಿಳಿಯನ್ನು ಚಮಚೆಯಿಂದ ಹನಿಹನಿಯಾಗಿ ಬಿಡುತ್ತಿದ್ದಳು. ಅದರಲ್ಲಿ ಅರ್ಧ ಗಲ್ಲದ ಮೇಲೆ ಇಳಿಯುತ್ತಿತ್ತು.

ಆ ರವಿವಾರ ಮುಂಜಾನೆ ಅವನು ತಾನೇ ಎದ್ದು ಗೋಡೆ ಹಿಡಿದು ಬಂದು, ಒಗೆದ ಅಂಗಿ ಬೇಡಿದ. ಟೋಪಿ ಬೇಡಿದ. ಕಟ್ಟೆಯ ಮೇಲೆ ಕೂತು, "ಜಕ್ಕಪ್ಪನ ಅಂಗಡಿಗೆ" ಎಂದ.

"ನೀರ ಇಳಿಯೂದಿಲ್ಲ ಗಂಟಲದಾಗ, ಅಂಗಡಿಗೆ ಹೊಂಟಾರ" ಎಂದಳು ತುಳಸವ್ವ. ಹನ್ನೊಂದರ ಸುಮಾರಿಗೆ ಭರಮು ಎತ್ತಿನ ಗಾಡಿ ಹೂಡಿಕೊಂಡು ಬಂದು ನಿಂತಾಗ ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದಾರೆಂದು ಅವಳಿಗೆ ತಿಳಿಯಿತು. ಈ ಭರಮುವನ್ನು ಕಂಡರೆ ಅವಳಿಗೆ ಮೊದಲಿನಿಂದಲೂ ಆಗದು. ಗಂಡನನ್ನು ಆ ದಾರಿಗೆ ಹಚ್ಚಿದವನು ಇವನೇ ಎಂಬುದು ಅವಳ ಲೆಕ್ಕ.

"ಕರ್ಕೊಂಡ ಹೋಗ್ರಿ. ದಾರ್ಯಾಗ ಹೆಚ್ಚಕಮ್ಮಿ ಆದ್ರ ನನ್ನ ಮುಂದ ಬಂದ ನಿಂದ್ರಬ್ಯಾಡ್ರಿ."

ಭರಮು ತಲೆ ಕೆಳಗೆ ಹಾಕಿದ. ಮಾಯಪ್ಪ ಬೆರಳೆತ್ತಿ ಅವಳನ್ನು ತೋರಿಸಿದ. "ನೀನೂ" ಎಂದ.

"ನಾನ?"

"ನೀನೂ ಬಾ."

ಬರುವುದಿಲ್ಲ ಎಂದು ಹೇಳಿ ಒಳಗೆ ಹೋದಳು. ಪಾತ್ರೆ ಸರಿಸಿದಳು, ಮತ್ತೆ ಅಲ್ಲೇ ಇಟ್ಟಳು. ಹೊರಗೆ ಬಂದು ನೋಡಿದರೆ ಅವನು ಗಾಡಿ ಹತ್ತದೆ, ಅದರ ಗಾಲಿ ಹಿಡಿದುಕೊಂಡು ಬಿಸಿಲಲ್ಲಿ ನಿಂತಿದ್ದ. ಅವಳು ತಲೆಯ ಮೇಲೆ ಸೆರಗು ಹೊದ್ದುಕೊಂಡು ಬಂದಳು. "ಗಾಡ್ಯಾಗಿಂದ ಬೀಳ್ತಾರ ಅಂತ ಬರಾಕತ್ತೀನಿ. ಮತ್ತೇನಿಲ್ಲ" ಎಂದು ಭರಮುವಿಗೆ ಹೇಳಿದಳು.

ಅಂಗಡಿಯ ಎದುರು ಗಾಡಿ ನಿಂತಾಗ ಬಾಕುಗಳ ಮೇಲೆ ನಾಲ್ಕೈದು ಮಂದಿ ಇದ್ದರು. ತಲೆಗೆ ಸೆರಗು ಹೊದ್ದ ಹೆಂಗಸು ಇಳಿಯುವುದನ್ನು ಕಂಡು ಎದ್ದು ನಿಂತರು. ಜಕ್ಕಪ್ಪ ಒದ್ದೆ ಕೈಯನ್ನು ಧೋತರಕ್ಕೆ ಒರೆಸಿಕೊಳ್ಳುತ್ತ ಓಡಿ ಬಂದ. ಅರವತ್ತರ ಮನುಷ್ಯ. ಗಿಡ ಹತ್ತಿ ಹತ್ತಿ ಎದೆಯ ಚರ್ಮ ಒರಟಾಗಿತ್ತು. ಅವಳನ್ನು ನೋಡಿ ಒಂದು ಕ್ಷಣ ನಿಂತು, ಹಿಂದಕ್ಕೆ ತಿರುಗಿ ಕೂಗಿದ:

"ಏ ಸುಂದರಾ, ಬಾ ಇಲ್ಲೆ. ಬಾಳ್ಯಾನ ಅವ್ವ ಬಂದಾರ."

ತುಳಸವ್ವ ಇಳಿದಲ್ಲೇ ನಿಂತಳು. ಅವಳನ್ನು ಯಾರೂ ಹಾಗೆ ಕರೆದು ಇಪ್ಪತ್ತಾರು ವರ್ಷವಾಗಿತ್ತು. ಊರಿಗೆಲ್ಲ ಅವಳು ಅಕ್ಕುತಾಯಿಯ ಅವ್ವ. ಏನೆಂದಿರಿ ಎಂದು ಕೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮಾಯಪ್ಪನಿಗೆ ಕೆಮ್ಮು ಬಂತು. ಬೆನ್ನು ಸವರುತ್ತ, ಬೇವಿನ ಕೆಳಗಿನ ಬಾಕಿನ ಮೇಲೆ ಅವನನ್ನು ಕೂಡಿಸುವುದರಲ್ಲಿ ಆ ಮಾತು ಹಿಂದೆ ಬಿತ್ತು.

ಜಕ್ಕಪ್ಪ ಕೇಳದೆಯೇ ಒಂದು ಗಾಜಿನ ಗ್ಲಾಸಿನಲ್ಲಿ ಸಿಂದಿ ತಂದಿಟ್ಟ. ಸುಂದರಾ ಒಂದು ತಾಟಿನಲ್ಲಿ ಎರಡು ತುಂಡು ಹುರಿದ ಮೀನು, ಒಂದು ರೊಟ್ಟಿ, ಕುಟ್ಟಿದ ಹಸಿಮೆಣಸಿನಕಾಯಿ ತಂದಿಟ್ಟಳು. ಮಾಯಪ್ಪ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ಮೊದಲು ಮೂಸಿದ. ತುಟಿಗೆ ಹಚ್ಚಿದ. ಒಂದು ಗುಟುಕು ಒಳಗೆ ಹೋಯಿತು, ಹೋದಂತೆಯೇ ಹೊರಗೆ ಬಂದು ಅಂಗಿಯ ಮೇಲೆ ಬಿತ್ತು. ಮತ್ತೊಮ್ಮೆ ಕುಡಿದು ನೋಡಿದ. ಇಳಿಯಲಿಲ್ಲ. ಉಳಿದ ಬಾಕಿನವರೆಲ್ಲ ಬೇಕೆಂದೇ ಹೊಳೆಯ ಕಡೆ ಮುಖ ಮಾಡಿ ಕೂತರು.

ತುಳಸವ್ವ ಸೆರಗಿನಿಂದ ಅವನ ಗಲ್ಲ ಒರೆಸಿದಳು. ಅವನು ಗ್ಲಾಸನ್ನು ಅವಳ ಕಡೆಗೆ ಸರಿಸಿದ.

"ನೀ ಕುಡಿ."

"ಏನ ಹೇಳಾಕತ್ತೀರಿ ನೀವ?"

"ಕುಡದ ಹೇಳ. ಹೆಂಗೈತಿ."

ಬೇರೆ ದಿನವಾಗಿದ್ದರೆ ಅವಳು ಆ ಗ್ಲಾಸನ್ನು ಎತ್ತಿ ಒಗೆಯುತ್ತಿದ್ದಳು. ಇವತ್ತು ಅವನ ಮುಖ ನೋಡಿದಳು. ಮದುವೆಯಲ್ಲಿ ಕಂಡ ಮುಖದಲ್ಲಿ ಈಗ ಕಣ್ಣು ಮಾತ್ರ ಉಳಿದಿದ್ದವು. ಗ್ಲಾಸೆತ್ತಿ ಒಂದು ಗುಟುಕು ಕುಡಿದಳು.

"ಹುಳಿ ಐತಿ" ಎಂದಳು.

ಅವನು ಇನ್ನೂ ನೋಡುತ್ತಲೇ ಇದ್ದ. ಅಷ್ಟು ಸಾಲದು ಎಂದು ಅವಳಿಗೆ ತಿಳಿಯಿತು. ಇನ್ನೊಂದು ಗುಟುಕು ಬಾಯಲ್ಲಿ ಇಟ್ಟುಕೊಂಡು, ಕಣ್ಣು ಮುಚ್ಚಿ, ನಿಧಾನವಾಗಿ ನುಂಗಿದಳು.

"ಹುಳಿ ಮಜ್ಜಿಗಿ ಹಂಗ ಅಲ್ಲ. ನಾಲಗಿ ಮ್ಯಾಲ ಚುರುಚುರು ಅಂತೈತಿ. ಆಮ್ಯಾಲ... ಆಮ್ಯಾಲ ಹಿಂದ ಸ್ವಲ್ಪ ಸಿಹಿ ಬರ್ತೈತಿ ನೋಡ್ರಿ. ಹಸಿ ಗರಿ ಮುರದಾಗ ಬರೋ ವಾಸನಿ ಐತಿ. ತಣ್ಣಗೈತಿ."

ಮಾಯಪ್ಪ ತಲೆಯಾಡಿಸಿದ. ಹೌದು, ಹಾಗೇ ಎನ್ನುವಂತೆ. ತಾಟನ್ನು ತೋರಿಸಿದ. ಅವಳು ಮೀನಿನ ಮುಳ್ಳು ಬಿಡಿಸಿ, ರೊಟ್ಟಿಯ ತುಣುಕಿನಲ್ಲಿ ಸುತ್ತಿ ಬಾಯಿಗಿಟ್ಟುಕೊಂಡಳು. ಮೇಲಿನ ಪದರು ಕರುಕುರು ಇದೆ, ಒಳಗೆ ಮೆತ್ತಗಿದೆ, ಬೆಳ್ಳುಳ್ಳಿ ಜಾಸ್ತಿ ಬಿದ್ದಿದೆ, ಖಾರ ಕಿವಿಗೆ ಹತ್ತುತ್ತದೆ ಎಂದು ಒಂದೊಂದಾಗಿ ಹೇಳಿದಳು. ಹೇಳುವಾಗ ಅವನ ಗಂಟಲಮಣಿ ಮೇಲೆ ಕೆಳಗೆ ಆಡುತ್ತಿತ್ತು. ಇವನ ಜೊತೆ ಇಷ್ಟು ಹೊತ್ತು ಒಂದೇ ಸಮನೆ ತಾನು ಮಾತಾಡಿ ಎಷ್ಟು ಕಾಲವಾಯಿತು ಎಂದು ಅವಳಿಗೆ ನೆನಪಾಗಲಿಲ್ಲ.

ಸುಂದರಾ ಇನ್ನೊಂದು ರೊಟ್ಟಿ ತಂದು ಹಾಕಿ ಎದುರಿಗೇ ಕುಕ್ಕರಗಾಲಿನಲ್ಲಿ ಕೂತಳು. ಅವಳು ತುಳಸವ್ವನಿಗಿಂತ ಹತ್ತು ವರ್ಷ ಚಿಕ್ಕವಳಿರಬೇಕು.

"ಉಣ್ಣ ಅಕ್ಕಾ. ಬಾಳ್ಯಾಗ ರೊಟ್ಟಿ ಅನ್ನಾಕ ಬರ್ತಿದ್ದಿಲ್ಲಂತಲ್ಲ. ಲೊಟ್ಟಿ ಲೊಟ್ಟಿ ಅಂತಿದ್ದನಂತ. ನಾ ರೊಟ್ಟಿ ಬಡ್ಯಾಕ ಕುಂತಾಗೊಮ್ಮೆ ಅದ ನೆನಪಾಗ್ತೈತಿ."

ತುಳಸವ್ವನ ಕೈ ತಾಟಿನಲ್ಲೇ ನಿಂತಿತು.

"ನೀ ಯಾವಾಗ ನೋಡಿದಿ ಅವನ್ನ?"

"ಅಯ್ಯ, ನಾ ಎಲ್ಲಿ ನೋಡ್ಲಿ? ಅವ ಹೋದ ಮೂರ ವರ್ಷಕ್ಕ ನನ್ನ ಲಗ್ನ ಆತು. ಮಾಯಪ್ಪಣ್ಣ ಹೇಳಿದ್ದ ಎಲ್ಲಾ. ಶನಿವಾರ ಸಂಜಿಕ ಬಾಳ್ಯಾ ಬಸ್ಸಿನ ದಾರ್ಯಾಗ ಬಂದ ನಿಂದ್ರತಿದ್ದ, ತಂಬಾಕದ ಅಂಗಿ ಅಪ್ಕೊಂಡ ಮೂರ ಸಲ ಸೀನ್ತಿದ್ದ, ಸೀನಿ ನಗತಿದ್ದ. ಮಗ ಸೀನ್ಲಿ ಅಂತ ಮಾಯಪ್ಪಣ್ಣ ಅಂಗೀನ ಝಾಡಿಸ್ತಿದ್ದಿಲ್ಲಂತ. ಹೌದಲ್ಲ?"

ಹೌದು. ತುಳಸವ್ವ ಆ ಸೀನನ್ನು ಪೂರ್ತಿ ಮರೆತಿದ್ದಳು. ಮಗನ ಬಗ್ಗೆ ಅವಳು ಇಟ್ಟುಕೊಂಡಿದ್ದದ್ದು ಕೊನೆಯ ಒಂದು ದಿನವನ್ನು ಮಾತ್ರ. ಈಗ ಆ ಪುಟ್ಟ ಮೂಗು ಸೊಟ್ಟಗಾಗುವುದು, ಒಂದು, ಎರಡು, ಮೂರು ಎಂದು ಮಾಯಪ್ಪ ಎಣಿಸುವುದು, ಎಲ್ಲ ಕಣ್ಣ ಮುಂದೆ ಬಂದು ನಿಂತಿತು.

"ಯಾವಾಗ ಹೇಳ್ತಿದ್ರ ಇದನ್ನೆಲ್ಲ?" ಎಂದಳು. ಅವಳ ದನಿ ಅವಳಿಗೇ ಬೇರೆಯಾಗಿ ಕೇಳಿತು.

ಸುಂದರಾ ಹೆದರಿ ಗಂಡನ ಮುಖ ನೋಡಿದಳು. ಜಕ್ಕಪ್ಪ ಭರಮುವಿನ ಮುಖ ನೋಡಿದ. ಕೊನೆಗೆ ಭರಮುವೇ ಹೇಳಬೇಕಾಯಿತು.

"ಪ್ರತಿ ರವಿವಾರ ವೈನಿ. ಬ್ಯಾರೆ ಮಾತ ಇದ್ದಿಲ್ಲ ಅವಂಗ. ಒಂದ ಗ್ಲಾಸ ಕುಡದ್ರ ಶುರು ಆಗೂದು. ಹೊಸದಾಗಿ ಬಂದಾವ್ರು ಮಾಯಪ್ಪನ ಮಗ ಇನ್ನೂ ಅದಾನ ಅಂತ ತಿಳ್ಕೋತಿದ್ರು. ಮನ್ಯಾಗ ಆ ಹೆಸರ ತಗೀಬಾರದು ಅಂತ ನೀವ ಹೇಳೀರಂತಲ್ಲ. ನಿಮ್ಮ ಮಾತ ಮೀರಾಕ ಒಲ್ಲ ಅಂತಿದ್ದ. ಅದಕ್ಕ ಇಲ್ಲೆ ಬಂದ ತಗೀತಿದ್ದ."

ತುಳಸವ್ವ ಗಂಡನ ಕಡೆಗೆ ತಿರುಗಿದಳು. ಅವನು ಕಳವು ಮಾಡಿ ಸಿಕ್ಕಿಬಿದ್ದವನಂತೆ ಅವಳನ್ನೇ ನೋಡುತ್ತಿದ್ದ. ಈಗಲೂ ಅವಳು ಬೈಯಬಹುದು ಎಂದು ಅವನಿಗೆ ಅನ್ನಿಸಿತ್ತೋ ಏನೋ, ಒಂದು ಕೈ ಸ್ವಲ್ಪ ಮೇಲೆತ್ತಿದ್ದ.

"ನನಗ ಹೇಳ್ರಿ" ಎಂದಳು. "ಇಲ್ಲೆ ಅದೀವಲ್ಲ. ಮನ್ಯಾಗ ಇಲ್ಲಲ್ಲ. ನನಗ ಹೇಳ್ರಿ."

ಮಾಯಪ್ಪ ಬಾಯಿ ತೆರೆದ. ಕುತ್ತಿಗೆಯ ನರ ಉಬ್ಬಿದವು. "ಬಾ..." ಎಂಬಷ್ಟು ಬಂತು. ಆಮೇಲೆ ಗಾಳಿ. ಮತ್ತೆ ಪ್ರಯತ್ನ ಮಾಡಿದ, ಮತ್ತೆ ಬರೀ ಗಾಳಿ. ಬೆರಳಿನಿಂದ ಗಂಟಲು ಮುಟ್ಟಿ ತೋರಿಸಿ ತಲೆ ಅಲ್ಲಾಡಿಸಿದ.

"ಬಾಳ್ಯಾ" ಎಂದಳು ತುಳಸವ್ವ. "ಬಾಳ್ಯಾ. ನಮ್ಮ ಬಾಳ್ಯಾ."

ಅವಳು ಎದ್ದು ಅಂಗಡಿಯ ಹಿಂದಕ್ಕೆ ಹೋದಳು. ಒಲೆಯ ಬಳಿ ಸೌದೆಯ ಮೇಲೆ ಕುಸಿದು, ಇಪ್ಪತ್ತಾರು ವರ್ಷದಿಂದ ಅಳದವಳು ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಸುಂದರಾ ಬಂದು ಪಕ್ಕದಲ್ಲಿ ಕೂತಳು. ಸಮಾಧಾನ ಮಾಡಲು ಹೋಗಲಿಲ್ಲ. ಹಂಚಿನ ಮೇಲಿನ ಮೀನು ಸೀದು ಹೋದದ್ದನ್ನೂ ತೆಗೆಯಲಿಲ್ಲ.

ಮಾಯಪ್ಪ ಆಮೇಲೆ ಹದಿನೆಂಟು ದಿನ ಬದುಕಿದ. ಆ ಹದಿನೆಂಟು ದಿನ ತುಳಸವ್ವ ಅವನ ಹಾಸಿಗೆಯ ಪಕ್ಕದಿಂದ ಏಳಲಿಲ್ಲ. ತೆಲಸಂಗದಿಂದ ಬಂದ ಅಕ್ಕುತಾಯಿ ಅಡುಗೆ ನೋಡಿಕೊಂಡಳು. ತುಳಸವ್ವ ಮಗನ ಮಾತಾಡುತ್ತಿದ್ದಳು. ಬಾಳ್ಯಾ ಹುಟ್ಟಿದ ದಿನ ಎಷ್ಟು ಮಳೆ ಬಂದಿತ್ತು, ಮೊದಲು ಯಾವ ಗೋಡೆ ಹಿಡಿದು ನಿಂತ, ಯಾವ ಎತ್ತಿಗೆ ಹೆದರುತ್ತಿದ್ದ. ತಪ್ಪಿದರೆ ಮಾಯಪ್ಪ ಬೆರಳಾಡಿಸುತ್ತಿದ್ದ. ಆಗ ಅವಳು, "ಅಲ್ಲೇನ? ಕೆಂದ ಎತ್ತ ಅಲ್ಲೇನ? ಬಿಳೇದ?" ಎಂದು ಕೇಳಿ ತಿದ್ದಿಕೊಳ್ಳುತ್ತಿದ್ದಳು. ಅವನಿಗೆ ಗೊತ್ತಿದ್ದದ್ದು ಅವಳಿಗಿಂತ ಬಹಳ ಹೆಚ್ಚಿತ್ತು. ಪ್ರತಿ ವಾರ ಹೇಳಿ ಹೇಳಿ ಅವನು ಮಗನನ್ನು ಜತನವಾಗಿ ಇಟ್ಟುಕೊಂಡಿದ್ದ. ಅದೆಲ್ಲ ಅವನ ಒಳಗಿತ್ತು, ಹೊರಗೆ ಬರುವ ದಾರಿ ಮುಚ್ಚಿತ್ತು.

ಹೋಗುವ ಎರಡು ದಿನ ಮೊದಲು ಅವನು ಅವಳ ಕೈ ಎಳೆದು ಕಿವಿಯನ್ನು ತನ್ನ ಬಾಯ ಹತ್ತಿರ ತರಿಸಿಕೊಂಡ. ತುಟಿಯ ಚಲನೆಯಿಂದಲೇ ಅವಳು ತಿಳಿದುಕೊಂಡಳು.

"ಕಡೀಕ... ಏನಂದ?"

ಕೊನೆಗೆ ಬಾಳ್ಯಾ ಅಂದದ್ದು ಒಂದೇ ಮಾತು. ಅವಳ ಹೆಗಲ ಮೇಲೆ ತಲೆಯಿಟ್ಟುಕೊಂಡು, ಅಪ್ಪ ಯಾವಾಗ ಬರ್ತಾನ ಎಂದು ಕೇಳಿದ್ದ. ಮೂರು ಸಲ ಕೇಳಿದ್ದ. ಅದನ್ನು ಅವಳು ಇಷ್ಟು ವರ್ಷ ಗಂಡನ ಮುಖಕ್ಕೆ ಎಸೆಯಲು ಇಟ್ಟುಕೊಂಡ ಕಲ್ಲಿನ ಹಾಗೆ ಇಟ್ಟುಕೊಂಡಿದ್ದಳು.

"ನೀರ ಬೇಡಿದ" ಎಂದಳು. "ಕೊಟ್ಟೆ. ಕುಡದ ಮಲಗಿದ. ಮತ್ತೇನೂ ಅನ್ನಲಿಲ್ರಿ."

ಮಾಯಪ್ಪ ಅವಳನ್ನು ಬಹಳ ಹೊತ್ತು ನೋಡಿ ಮುಖವನ್ನು ಗೋಡೆಗೆ ತಿರುಗಿಸಿದ. ನಂಬಿದನೋ ಇಲ್ಲವೋ ಅವಳಿಗೆ ಗೊತ್ತಾಗಲಿಲ್ಲ.

ಮಣ್ಣು ಮಾಡಿ, ದಿನಗಳು ಮುಗಿದು, ಅಕ್ಕುತಾಯಿ ಊರಿಗೆ ಹೋದ ಮೇಲೆ ತುಳಸವ್ವ ತಾನೇ ಭರಮುವಿನ ಮನೆಗೆ ಹೋಗಿ ಬಾಗಿಲಲ್ಲಿ ನಿಂತಳು. "ರವಿವಾರ ನಮ್ಮ ಮನಿಗೆ ಊಟಕ್ಕ ಬರ್ರಿ" ಎಂದಳು.

ಅವನು ಬಂದ. ರೊಟ್ಟಿ, ಬದನೆಕಾಯಿ ಪಲ್ಯ ಮಾಡಿದ್ದಳು. ಊಟವಾದ ಮೇಲೆ ಕಟ್ಟೆಯ ಮೇಲೆ ಕೂಡಿಸಿ, "ಅವರು ಏನೇನ ಹೇಳ್ತಿದ್ರೋ ಅದನ್ನ ಹೇಳ್ರಿ, ಒಂದೂ ಬಿಡಬ್ಯಾಡ್ರಿ" ಎಂದಳು. ಭರಮು ಹೇಳಿದ. ಮುಂದಿನ ರವಿವಾರವೂ ಬಂದು ಹೇಳಿದ. ಮೂರನೆಯ ವಾರ ಅರ್ಧಕ್ಕೆ ನಿಂತು, ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

"ಇಷ್ಟ ನನಗ ನೆನಪಿರೂದು ವೈನಿ. ಅವ ಇನ್ನೂ ಬಾಳ ಹೇಳ್ಯಾನ. ಆದ್ರ ನಾನೂ ಕುಡದ ಕುಂತಿರ್ತಿದ್ನಲ್ಲ... ಕಿವ್ಯಾಗ ಬಿತ್ತು, ಹೋತು. ಹಿಂಗ ಒಂದಿನ ಬೇಕಾಗ್ತೈತಿ ಅಂತ ಗೊತ್ತಿದ್ರ ಕುಡೀಲಾರದ ಸುದ್ದ ಇರ್ತಿದ್ದೆ."

"ಇರ್ಲಿ ಬಿಡ್ರಿ" ಎಂದಳು ತುಳಸವ್ವ. ಒಳಗೆ ಹೋಗಿ ಅವನಿಗೆ ಕುಡಿಯಲು ನೀರು ತಂದಿಟ್ಟಳು. ಆಮೇಲೆ, "ಆ ಬಸ್ಸಿನ ದಾರೀದ ಇನ್ನೊಮ್ಮೆ ಹೇಳ್ರಿ" ಎಂದಳು.

ಭರಮು ಹೋದ ವಾರ ಹೇಳಿದ್ದನ್ನೇ ಮೊದಲಿನಿಂದ ಹೇಳತೊಡಗಿದ.